ಹಳೇ ಕಾರಿನ ಎಸಿ ತಣ್ಣಗೆ ಬರ್ತಿಲ್ವಾ? ಗ್ಯಾಸ್ ತುಂಬಿಸೋ ಮೊದಲು ಫ್ಯೂಸು, ವೈರು ನೋಡಿಸಿ

ಕುಕನೂರು: ಬೇಸಿಗೆಯಲ್ಲಿ ಹಳೇ ಕಾರಿನ ಎಸಿ ಕೈಕೊಟ್ಟರೆ ಎಲ್ಲರ ಬಾಯಲ್ಲಿ ಬರೋ ಮೊದಲ ಮಾತು ಒಂದೇ: "ಗ್ಯಾಸ್ ಖಾಲಿ ಆಗೈತಿ, ತುಂಬಿಸ್ಬೇಕು." ಗಾಡಿ ಮಾಲೀಕರೂ ಅದನ್ನೇ ಅಂತಾರೆ, ಡ್ರೈವರ್‌ಗಳೂ ಅದನ್ನೇ ಅಂತಾರೆ, ಗದಗ ಇಲ್ಲವೇ ಕೊಪ್ಪಳದ ಎಸಿ ಅಂಗಡಿಗೆ ಹೋದರೆ ಅಲ್ಲೂ ಎಷ್ಟೋ ಸಲ ಅದೇ ಮಾತು. ಸಾವಿರ, ಎರಡು ಸಾವಿರ ರೂಪಾಯಿ ಖರ್ಚಾಗುತ್ತೆ. ನಾಲ್ಕು ದಿನ ತಣ್ಣಗೆ ಬಂದ ಹಾಗೆ ಆಗುತ್ತೆ, ಮತ್ತೆ ಬಿಸಿ ಗಾಳಿ.

ಹತ್ತು, ಹದಿನೈದು ವರ್ಷ ಓಡಿದ ಗಾಡಿಗಳಲ್ಲಿ ಎಸಿ ನಿಲ್ಲೋದಕ್ಕೆ ಗ್ಯಾಸ್ ಒಂದೇ ಕಾರಣ ಅಲ್ಲ. ಸುಟ್ಟ ಫ್ಯೂಸು, ಸವೆದ ರಿಲೇ, ಕಿಲುಬು ಹಿಡಿದ ಅರ್ಥಿಂಗ್ ವೈರು, ತಿರುಗದ ಫ್ಯಾನು, ಇಲಿ ಕಡಿದ ತಂತಿ ಇವೂ ಅಷ್ಟೇ ಕಾಟ ಕೊಡ್ತವೆ. ಇವುಗಳಲ್ಲಿ ಅರ್ಧದಷ್ಟನ್ನು ಮನೆ ಮುಂದೆ ನಿಂತೇ, ಒಂದು 12 ವೋಲ್ಟಿನ ಬಲ್ಬು, ಎರಡು ತುಂಡು ವೈರು ಇಟ್ಟುಕೊಂಡು ಪತ್ತೆ ಹಚ್ಚಬಹುದು. ಉಳಿದದ್ದಕ್ಕೆ ಮೆಕ್ಯಾನಿಕ್ ಬೇಕೇ ಬೇಕು. ಆದ್ರೆ ಅವರ ಹತ್ತಿರ ಏನು ಕೇಳಬೇಕು ಅನ್ನೋದು ಗೊತ್ತಿದ್ದರೆ ದುಡ್ಡು ಉಳಿಯುತ್ತೆ.

ತಾಲೂಕಿನಲ್ಲಿ ಇದು ಶೋಕಿ ವಿಷಯ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ಬಿಸಿಲು 40 ಡಿಗ್ರಿ ಆಸುಪಾಸು ಇರುತ್ತೆ. ಕೆಎ-37 ನಂಬರಿನ ಬಾಡಿಗೆ ಗಾಡಿಗಳು ಬಾಣಂತಿಯರನ್ನ, ಆಪರೇಷನ್ ಆದವರನ್ನ ಗದಗ, ಹುಬ್ಬಳ್ಳಿ ಆಸ್ಪತ್ರೆಯಿಂದ ಮಟಮಟ ಮಧ್ಯಾಹ್ನ ಕರ್ಕೊಂಡು ಬರ್ತವೆ. ಎಸಿ ಇಲ್ಲದ ಗಾಡಿಗೆ ಆ ಬಾಡಿಗೆ ಸಿಗೋದಿಲ್ಲ. ಇಲ್ಲಿ ಓಡೋ ಕಾರುಗಳಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಗಳೂ ಬೇಕಾದಷ್ಟಿವೆ. ಹಳೇ ಆಲ್ಟೊ, ವ್ಯಾಗನಾರ್, ಸ್ಯಾಂಟ್ರೊ, ಇಂಡಿಕಾ, ತವೇರಾ. ಹಿಂದಿನ ಮಾಲೀಕ ವೈರಿಂಗಿನಲ್ಲಿ ಏನು ಮಾಡಿಟ್ಟಿದ್ದಾನೆ ಅನ್ನೋದು ಗಾಡಿ ತಗೊಂಡವರಿಗೆ ಗೊತ್ತೇ ಇರೋದಿಲ್ಲ.

ಬೋರ್‌ವೆಲ್ ಸ್ಟಾರ್ಟರ್ ಗೊತ್ತಿದ್ದರೆ ಎಸಿ ವೈರಿಂಗ್ ಗೊತ್ತಿದ್ದ ಹಾಗೇ

ಹೊಲದಲ್ಲಿ ಬೋರ್ ಇದ್ದವರಿಗೆ ಪ್ಯಾನೆಲ್ ಬೋರ್ಡ್ ಹೊಸದಲ್ಲ. ಬಟನ್ ಒತ್ತಿದ ಕೂಡಲೇ ಕರೆಂಟು ಸೀದಾ ಮೋಟರಿಗೆ ಹೋಗೋದಿಲ್ಲ. ಫ್ಯೂಸ್ ಇರಬೇಕು, ಮೂರೂ ಫೇಸ್ ಬರ್ತಿರಬೇಕು, ಬೋರಿನಲ್ಲಿ ನೀರಿರಬೇಕು. ನೀರಿಲ್ಲ ಅಂದ್ರೆ ಡ್ರೈ ರನ್ ಪ್ರಿವೆಂಟರ್ ಮೋಟರ್ ಸುಡದ ಹಾಗೆ ನಿಲ್ಲಿಸಿಬಿಡುತ್ತೆ. ಎಲ್ಲಾ ಸರಿ ಇದ್ದರೆ ಮಾತ್ರ ಕಾಂಟ್ಯಾಕ್ಟರ್ ಟಕ್ ಅಂತ ಎಳ್ಕೊಂಡು ಮೋಟರ್ ತಿರುಗುತ್ತೆ.

ಕಾರಿನ ಎಸಿಯಲ್ಲೂ ಇದೇ ಕಥೆ. ಮೋಟರಿನ ಜಾಗದಲ್ಲಿ ಕಂಪ್ರೆಸರ್ ಇರುತ್ತೆ. ಅದನ್ನು ತಿರುಗಿಸೋದು ಎಂಜಿನ್ ಬೆಲ್ಟು. ಬೆಲ್ಟಿನ ಗಾಲಿ ಎಂಜಿನ್ ಚಾಲೂ ಇರೋವರೆಗೂ ಸುಮ್ಮನೆ ತಿರುಗ್ತಾ ಇರುತ್ತೆ, ಅದರ ಮುಂದಿನ ತಟ್ಟೆ ಮಾತ್ರ ನಿಂತಿರುತ್ತೆ. ಒಳಗಿರೋ ಕಾಯಿಲಿಗೆ 12 ವೋಲ್ಟ್ ಬಂದಾಗ ಅದು ಅಯಸ್ಕಾಂತವಾಗಿ ತಟ್ಟೆಯನ್ನ ಗಾಲಿಗೆ ಅಂಟಿಸುತ್ತೆ. ಆಗ ಕಂಪ್ರೆಸರ್ ತಿರುಗೋಕೆ ಶುರು. ಇದಕ್ಕೇ ಕ್ಲಚ್ ಅನ್ನೋದು. ಗೇರಿನ ಕ್ಲಚ್ಚೇ ಬೇರೆ, ಇದೇ ಬೇರೆ.

ಈ ಕಾಯಿಲಿಗೆ ಕರೆಂಟ್ ತಲುಪೋ ದಾರಿಯಲ್ಲಿ ಕಾವಲುಗಾರರು ಜಾಸ್ತಿ. ಬ್ಲೋವರ್ ಚಾಲೂ ಇರಬೇಕು, ಇಲ್ಲದಿದ್ದರೆ ಎಸಿ ಬಟನ್ ಒತ್ತಿದರೂ ಬಹಳ ಗಾಡಿಗಳಲ್ಲಿ ಕ್ಲಚ್ ಹಿಡಿಯೋದಿಲ್ಲ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮಂಜುಗಟ್ಟೋ ಹಂತಕ್ಕೆ ಬಂದಿದ್ದರೆ ಥರ್ಮಿಸ್ಟರ್ ಅನ್ನೋ ಸಣ್ಣ ಸೆನ್ಸರ್ ತಡೆಯುತ್ತೆ. ಪೈಪಿನಲ್ಲಿ ಗ್ಯಾಸ್ ಇಲ್ಲ ಅಂದ್ರೆ ಪ್ರೆಷರ್ ಸ್ವಿಚ್ ತಡೆಯುತ್ತೆ, ಥೇಟ್ ಡ್ರೈ ರನ್ ಪ್ರಿವೆಂಟರ್ ತರಹ. ಪ್ರೆಷರ್ ಮಿತಿ ಮೀರಿದರೂ ಅದೇ ಸ್ವಿಚ್ ತಡೆಯುತ್ತೆ. ಎಂಜಿನ್ ಬಿಸಿಯಾಗಿದ್ದರೆ, ಘಾಟಿಯಲ್ಲಿ ಪೂರ್ತಿ ರೇಸ್ ಕೊಟ್ಟಿದ್ದರೆ ಎಂಜಿನ್ನಿನ ಕಂಪ್ಯೂಟರ್ ತಡೆಯುತ್ತೆ. ಇವರೆಲ್ಲ ಹೂಂ ಅಂದ ಮೇಲೆ ರಿಲೇ ಎಳ್ಕೊಂಡು ಕ್ಲಚ್ಚಿಗೆ ಕರೆಂಟ್ ಬಿಡುತ್ತೆ. ಒಬ್ಬ ಉಹೂಂ ಅಂದ್ರೂ ಎಸಿ ಇಲ್ಲ. ಒಳಗೆ ಕೂತವರಿಗೆ ಯಾವುದೇ ಕಾರಣ ಇದ್ದರೂ ಕಾಣೋದು ಒಂದೇ, ಬಿಸಿ ಗಾಳಿ. ಅದಕ್ಕೇ ಎಲ್ಲದಕ್ಕೂ ಗ್ಯಾಸ್ ಅನ್ನೋ ಒಂದೇ ಹೆಸರು ಬಿದ್ದಿದೆ.

ಬಾನೆಟ್ ಎತ್ತಿ ಮೊದಲು ನೋಡಬೇಕಾದ್ದು

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ಹೆಗಲ ಮೇಲಿನ ಟವಲ್, ಜೋತಾಡೋ ಶಾಲು, ಸೆರಗು ಬೆಲ್ಟಿನ ಹತ್ತಿರ ಬರಬಾರದು. ಮುಂದಿನ ಫ್ಯಾನ್ ನಿಂತಿದೆ ಅಂತ ಬೆರಳು ಹಾಕಬೇಡಿ, ಎಲೆಕ್ಟ್ರಿಕ್ ಫ್ಯಾನ್ ಯಾವ ಗಳಿಗೆಯಲ್ಲಾದರೂ ತಿರುಗಬಹುದು.

ಒಬ್ಬರು ಒಳಗೆ ಕೂತು ಎಂಜಿನ್ ಚಾಲೂ ಮಾಡಿ ಬ್ಲೋವರ್ ಹಚ್ಚಿ ಎಸಿ ಬಟನ್ ಒತ್ತಲಿ. ಇನ್ನೊಬ್ಬರು ಹೊರಗೆ ಕಿವಿಗೊಟ್ಟು ಕೇಳಲಿ. ಕಂಪ್ರೆಸರ್ ಕಡೆಯಿಂದ "ಟಕ್" ಅಂತ ಸದ್ದು ಬಂತಾ? ಎಂಜಿನ್ ಸದ್ದು ಒಂಚೂರು ಭಾರ ಆಯ್ತಾ? ಗಾಲಿ ಮುಂದಿನ ತಟ್ಟೆ ತಿರುಗ್ತಿದೆಯಾ? ಮೂರಕ್ಕೂ ಹೌದು ಅಂದ್ರೆ ಕ್ಲಚ್ಚಿನವರೆಗಿನ ವೈರಿಂಗ್ ಆ ಹೊತ್ತಿಗೆ ಸರಿ ಇದೆ, ಫ್ಯಾನು, ಗ್ಯಾಸು, ಕಂಪ್ರೆಸರ್ ಕಡೆ ನೋಡಬೇಕು. ತಟ್ಟೆ ಅಲ್ಲಾಡಲೇ ಇಲ್ಲ ಅಂದ್ರೆ ಎರಡೇ ದಾರಿ. ಒಂದೋ ಗ್ಯಾಸ್ ಪೂರ್ತಿ ಹೋಗಿ ಪ್ರೆಷರ್ ಸ್ವಿಚ್ ತಡೆದಿದೆ, ಇಲ್ಲವೇ ಕರೆಂಟು ದಾರಿಯಲ್ಲೆಲ್ಲೋ ನಿಂತಿದೆ.

ಮೊದಲು ಫ್ಯೂಸ್ ನೋಡಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಯಲ್ಲಿ ಯಾವುದು ಯಾವುದಕ್ಕೆ ಅಂತ ಬರೆದಿರುತ್ತೆ. ಬಹಳ ಗಾಡಿಗಳಲ್ಲಿ ಎಸಿಗೆ ಒಂದು, ಬ್ಲೋವರಿಗೆ ಒಂದು, ಫ್ಯಾನಿಗೆ ಒಂದು ಅಂತ ಬೇರೆ ಬೇರೆ ಇರ್ತವೆ. ಒಂದು ಬಾಕ್ಸ್ ಸ್ಟೀರಿಂಗ್ ಕೆಳಗೆ, ಇನ್ನೊಂದು ಬಾನೆಟ್ ಒಳಗೆ ಇದ್ದರೆ ಎರಡನ್ನೂ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರಿನದ್ದೇ ಹಾಕಬೇಕು. 10 ಇದ್ದ ಜಾಗಕ್ಕೆ 10.

ಇಲ್ಲೇ ನಮ್ಮ ಕಡೆಯ ದೊಡ್ಡ ತಪ್ಪು ನಡೆಯೋದು. ಹತ್ತು ರೂಪಾಯಿಯ ಫ್ಯೂಸ್ ಕೈಗೆ ಸಿಗಲಿಲ್ಲ ಅಂತ ತಾಮ್ರದ ಎಳೆ ಸುತ್ತೋದು, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಇಡೋದು, "ಮತ್ತೆ ಸುಡಬಾರ್ದು" ಅಂತ 30 ಆಂಪಿಯರಿನದ್ದು ತುರುಕೋದು. ಫ್ಯೂಸ್ ಸುಡೋದೇ ವೈರನ್ನ ಉಳಿಸೋಕೆ. ಅದು ಸುಡಲಿಲ್ಲ ಅಂದ್ರೆ ವೈರು ಸುಡುತ್ತೆ. ಆ ವೈರು ಹೋಗಿರೋದು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಸ್ಪಂಜಿನ ನಡುವೆ, ಪೆಟ್ರೋಲ್ ಪೈಪಿನ ಆಸುಪಾಸು. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಇದೆ ಅಂತಲೇ ಅರ್ಥ. ಎಸಿ ಒತ್ತಿದಾಗ ಮಾತ್ರ ಸುಡುತ್ತೆ ಅಂದ್ರೆ ಕ್ಲಚ್ ಕಾಯಿಲ್ ಮೇಲೆ, ಅದರ ವೈರಿನ ಮೇಲೆ ಅನುಮಾನ ಇಡಿ. ಸಿಪ್ಪೆ ಸುಲಿದ ವೈರು ಎಂಜಿನ್ ಬಾಡಿಗೆ ತಾಗ್ತಿರೋದು ಎಷ್ಟೋ ಸಲ ಕಣ್ಣಿಗೇ ಕಾಣುತ್ತೆ.

ಫ್ಯೂಸ್ ಸರಿ ಇದ್ದರೆ ಮುಂದಿನದು ರಿಲೇ. ಸಣ್ಣ ಕರಿ ಚೌಕದ ಡಬ್ಬಿ, ಕೆಳಗೆ ನಾಲ್ಕೈದು ಕಾಲು. ಒಂದೇ ನಂಬರಿನ, ಒಂದೇ ನಮೂನೆಯ ರಿಲೇ ಹಾರ್ನಿಗೋ ಇನ್ನೊಂದಕ್ಕೋ ಅದೇ ಬಾಕ್ಸಿನಲ್ಲಿ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಎಸಿ ಹಿಡಿಯಿತು, ಹಾರ್ನ್ ನಿಂತಿತು ಅಂದ್ರೆ ತನಿಖೆ ಮುಗೀತು, ರಿಲೇ ತಗೊಂಡರಾಯ್ತು. ನಂಬರ್ ಬೇರೆ ಇದ್ದರೆ ಬದಲಿಸಬೇಡಿ, ಕಾಲಿನ ಜೋಡಣೆ ಬೇರೆ ಇರಬಹುದು. ರಿಲೇ ಕಾಲುಗಳ ಮೇಲೆ 30, 85, 86, 87 ಅಂತ ಬರೆದಿರೋದು ಸಾಮಾನ್ಯ. 85, 86ರ ನಡುವೆ ಒಳಗಿನ ಸಣ್ಣ ಕಾಯಿಲ್. 30ಕ್ಕೆ ಬ್ಯಾಟರಿಯಿಂದ ಬರೋ ಕರೆಂಟು, 87ರಿಂದ ಕ್ಲಚ್ಚಿಗೆ. ಟಕ್ ಅಂತ ಸದ್ದು ಬಂದ ಮಾತ್ರಕ್ಕೆ ರಿಲೇ ಒಳ್ಳೇದು ಅನ್ನೋಕಾಗಲ್ಲ. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೆ ಸದ್ದು ಬರುತ್ತೆ, ಕರೆಂಟ್ ದಾಟೋದಿಲ್ಲ. ಸ್ಟಾರ್ಟರಿನ ಕಾಂಟ್ಯಾಕ್ಟ್ ಪಾಯಿಂಟ್ ಸುಟ್ಟಾಗ ಆಗೋದೂ ಇದೇ ತಾನೇ.

ಬಲ್ಬು ಹೇಳೋ ಸತ್ಯ ಮೀಟರ್ ಹೇಳೋದಿಲ್ಲ

ಕ್ಲಚ್ಚಿಗೆ ಕರೆಂಟ್ ತಲುಪ್ತಿದೆಯಾ ಅಂತ ನೋಡೋದಕ್ಕೆ ದುಬಾರಿ ಮೀಟರೇ ಬೇಕಂತಿಲ್ಲ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಕಟ್ಟಿದರೆ ಟೆಸ್ಟ್ ಲ್ಯಾಂಪ್ ರೆಡಿ. ಎಂಜಿನ್ ಆಫ್ ಮಾಡಿ ಕ್ಲಚ್ಚಿನ ಪ್ಲಗ್ ಬಿಚ್ಚಿ, ಗಾಡಿ ಕಡೆಯ ವೈರಿಗೆ ಬಲ್ಬಿನ ಒಂದು ತುದಿ, ಬ್ಯಾಟರಿ ನೆಗೆಟಿವ್‌ಗೆ ಇನ್ನೊಂದು ತುದಿ ಕೊಡಿ. ಬಲ್ಬಿನ ವೈರು ಬೆಲ್ಟಿಗೆ ತಾಗದ ಹಾಗೆ ಕಟ್ಟಿಕೊಂಡ ಮೇಲೆ ಎಂಜಿನ್ ಚಾಲೂ ಮಾಡಿ ಎಸಿ ಒತ್ತಿಸಿ. ಬಲ್ಬು ಜೋರಾಗಿ ಹತ್ತಿದರೆ ಕರೆಂಟ್ ಬರ್ತಿದೆ, ತೊಂದರೆ ಕ್ಲಚ್ಚಿನದ್ದು ಇಲ್ಲವೇ ಅದರ ಅರ್ಥಿಂಗಿನದ್ದು. ಹತ್ತಲೇ ಇಲ್ಲ ಅಂದ್ರೆ ಹಿಂದಿನ ಕಾವಲುಗಾರರನ್ನ ಒಬ್ಬೊಬ್ಬರನ್ನೇ ವಿಚಾರಿಸಬೇಕು. ಮಂಕಾಗಿ, ಕೆಂಪಗೆ ಹತ್ತಿದರೆ ಅದೇ ಹಳೇ ಗಾಡಿಯ ನಿಜವಾದ ರೋಗ: ದಾರಿಯಲ್ಲಿ ಎಲ್ಲೋ ಕಿಲುಬು, ಸಡಿಲ ಪ್ಲಗ್, ಒಂದೇ ಎಳೆಯ ಮೇಲೆ ನಿಂತ ವೈರು.

ಡಿಜಿಟಲ್ ಮೀಟರ್ ಇಂಥ ಕಡೆ ದಾರಿ ತಪ್ಪಿಸುತ್ತೆ. ಹತ್ತು ಎಳೆಯ ವೈರಿನಲ್ಲಿ ಒಂಬತ್ತು ಎಳೆ ಮುರಿದಿದ್ದರೂ ಮೀಟರ್ 12 ವೋಲ್ಟ್ ಅಂತಲೇ ತೋರಿಸುತ್ತೆ, ಯಾಕಂದ್ರೆ ಮೀಟರ್ ಕರೆಂಟ್ ಎಳೆಯೋದೇ ಇಲ್ಲ. ಕ್ಲಚ್ ಕಾಯಿಲ್ ಸುಮಾರು 3ರಿಂದ 4 ಆಂಪಿಯರ್ ಎಳೆಯುತ್ತೆ. ಅದು ಎಳೆಯೋಕೆ ಹೋದಾಗ ಆ ಒಂದು ಎಳೆ ಸೋಲುತ್ತೆ. ಸಂಜೆ ಹೊತ್ತು ಹೊಲದ ಲೈನಿನಲ್ಲಿ ಟೆಸ್ಟರ್ ಹತ್ತುತ್ತೆ, ಮೋಟರ್ ಮಾತ್ರ ಎತ್ತೋದಿಲ್ಲ. ಹಾಗೇ ಇದು.

ಮೀಟರ್ ಇದ್ದವರು ಪ್ಲಗ್ ಬಿಚ್ಚದೆ, ಎಸಿ ಚಾಲೂ ಇದ್ದಾಗಲೇ ಅಳೀಬೇಕು. ಎಂಜಿನ್ ಓಡೋವಾಗ ಬ್ಯಾಟರಿ ಮೇಲೆ ಸುಮಾರು 13.8ರಿಂದ 14.4 ವೋಲ್ಟ್ ಇರುತ್ತೆ. ಕ್ಲಚ್ ಪ್ಲಗ್ಗಿನಲ್ಲಿ ಅದಕ್ಕಿಂತ ಅರ್ಧ ವೋಲ್ಟ್ ಕಡಿಮೆ ಇದ್ದರೆ ತೊಂದರೆ ಇಲ್ಲ. ಹತ್ತು, ಹನ್ನೊಂದಕ್ಕೆ ಇಳಿದಿದ್ದರೆ ಮೂರು, ನಾಲ್ಕು ವೋಲ್ಟು ದಾರಿಯಲ್ಲಿ ಬಿಸಿಯಾಗಿ ಸೋರ್ತಿದೆ. ಮುಟ್ಟಿ ನೋಡಿದರೆ ಆ ಜಾಗ ಬೆಚ್ಚಗಿರುತ್ತೆ. ಇದೇ ಅಳತೆ ಅರ್ಥಿಂಗಿಗೂ ಮಾಡ್ಬೇಕು. ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ, ಎಂಜಿನ್ನಿಗೆ ಹೋಗೋ ದಪ್ಪ ವೈರಿನ ಬೋಲ್ಟ್ ಬಿಚ್ಚಿ ಮರಳು ಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಸಾಕು, ಎಸಿ ಜೊತೆಗೆ ಹೆಡ್‌ಲೈಟೂ ಬೆಳ್ಳಗಾಗುತ್ತೆ.

ಬಲ್ಬಿನ ಪ್ರಯೋಗಕ್ಕೆ ಒಂದು ಎಚ್ಚರಿಕೆ. ಕ್ಲಚ್, ಫ್ಯಾನ್, ಬ್ಲೋವರಿನಂಥ ದಪ್ಪ ಕೆಲಸದ ವೈರಿಗೆ ಮಾತ್ರ ಇದು. ಸೆನ್ಸರಿನ ಸಣ್ಣ ವೈರಿಗೆ, ಎಂಜಿನ್ ಕಂಪ್ಯೂಟರಿನ ಪ್ಲಗ್ಗಿಗೆ ಬಲ್ಬು ಹಚ್ಚಿದರೆ ಕಂಪ್ಯೂಟರ್ ಸುಡಬಹುದು. ಹಳದಿ ಕವಚದ ಏರ್‌ಬ್ಯಾಗ್ ವೈರನ್ನಂತೂ ಮುಟ್ಟಲೇಬಾರದು.

ಬೆಳಿಗ್ಗೆ ತಣ್ಣಗೆ, ಮಧ್ಯಾಹ್ನ ಬಿಸಿ

"ಮನಿ ಬಿಡುವಾಗ ಚೊಲೋ ಇತ್ತು, ಭಾನಾಪುರ ದಾಟಿದ ಮ್ಯಾಲೆ ಬಂದ್ ಆತು, ವಾಪಸ್ ಬಂದು ಅರ್ಧ ತಾಸು ನಿಲ್ಲಿಸಿದ್ರ ಮತ್ತ ಹತ್ತಿತು." ಇಂಥ ದೂರು ಬಂದಾಗ ಗ್ಯಾಸ್ ತುಂಬಿಸೋ ಅಂಗಡಿಗೆ ಹೋಗೋಕಿಂತ ಮೊದಲು ಕ್ಲಚ್ ತಟ್ಟೆಯ ಸಂದು ನೋಡಿಸಬೇಕು. ತಟ್ಟೆಗೂ ಗಾಲಿಗೂ ನಡುವೆ ಇರಬೇಕಾದ ಸಂದು ಅರ್ಧ ಮಿಲಿಮೀಟರ್ ಆಸುಪಾಸು, ಎರಡು ವಿಸಿಟಿಂಗ್ ಕಾರ್ಡಿನ ದಪ್ಪಕ್ಕೆ ಹತ್ತಿರ. ಸವೆದು ಸವೆದು ಅದು ಒಂದು ಮಿಲಿಮೀಟರ್ ದಾಟಿರುತ್ತೆ. ಕಾಯಿಲ್ ತಣ್ಣಗಿದ್ದಾಗ ಹೇಗೋ ಎಳೆಯುತ್ತೆ. ತಾಮ್ರ ಬಿಸಿಯಾದಷ್ಟೂ ಅದರ ತಡೆ ಜಾಸ್ತಿ ಆಗುತ್ತೆ, ಹರಿಯೋ ಕರೆಂಟ್ ಕಡಿಮೆ ಆಗುತ್ತೆ, ಅಯಸ್ಕಾಂತ ಸೋಲುತ್ತೆ. ತಟ್ಟೆ ಒಮ್ಮೆ ಬಿಟ್ಟಿತು ಅಂದ್ರೆ ತಣ್ಣಗಾಗೋವರೆಗೂ ಮತ್ತೆ ಹಿಡಿಯೋದಿಲ್ಲ.

ಇದಕ್ಕೆ ಕಂಪ್ರೆಸರ್ ಬದಲಿಸೋದು ಬೇಡ. ತಟ್ಟೆ ಬಿಚ್ಚಿ ಒಳಗಿರೋ ತೆಳು ವಾಷರುಗಳಲ್ಲಿ ಒಂದನ್ನು ತೆಗೆದರೆ ಸಂದು ಕಡಿಮೆ ಆಗುತ್ತೆ. ಗ್ಯಾಸ್ ಬಿಡೋದೂ ಬೇಕಿಲ್ಲ. ಕಾಯಿಲ್ ಒಳ್ಳೇದಿದೆಯಾ ಅಂತ ತಿಳ್ಕೊಳ್ಳೋಕೆ ಪ್ಲಗ್ ಬಿಚ್ಚಿ ಓಮ್ ಅಳೆದರೆ ಸಾಮಾನ್ಯವಾಗಿ 3ರಿಂದ 5 ಓಮ್ ಬರಬೇಕು. ಸೊನ್ನೆಗೆ ಹತ್ತಿರ ಬಂದರೆ ಒಳಗೆ ಶಾರ್ಟ್, ಏನೂ ತೋರಿಸದಿದ್ದರೆ ಒಳಗೆ ಕಟ್. ಎರಡಕ್ಕೂ ಕಾಯಿಲ್ ಒಂದೇ ಬದಲಿಸಿದರೆ ಆಗುತ್ತೆ, ಬಹಳ ಕಂಪ್ರೆಸರುಗಳಿಗೆ ಅದು ಬಿಡಿಯಾಗಿ ಸಿಗುತ್ತೆ. "ಪೂರಾ ಕಂಪ್ರೆಸರ್ ಹಾಕ್ಬೇಕ್ರಿ" ಅಂದವರ ಹತ್ತಿರ ಓಮ್ ಎಷ್ಟು ಬಂತು, ಸಂದು ಎಷ್ಟಿತ್ತು ಅಂತ ಕೇಳೋದು ತಪ್ಪಲ್ಲ. ಕಂಪ್ರೆಸರ್ ಒಳಗೇ ಜಾಮ್ ಆಗಿದ್ದರೆ, ಬೇರಿಂಗ್ ಕಿರುಗುಟ್ತಿದ್ದರೆ ಅದು ಬೇರೆ ಮಾತು.

ಇನ್ನೊಂದು ನಮೂನೆ ಇದೆ. ಹೈವೇ ಮೇಲೆ ತಣ್ಣಗೆ, ಕುಕನೂರು ಬಜಾರದಲ್ಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಬಿಸಿ. ಇದು ಫ್ಯಾನಿನ ಕೆಲಸ. ರೇಡಿಯೇಟರ್ ಮುಂದಿರೋ ಕಂಡೆನ್ಸರಿನ ಶಾಖ ಹೊರಹಾಕೋಕೆ ಗಾಳಿ ಬೇಕು. ಗಾಡಿ ಓಡೋವಾಗ ಎದುರು ಗಾಳಿ ಸಾಕು, ನಿಂತಾಗ ಫ್ಯಾನೇ ಗತಿ. ಫ್ಯಾನ್ ತಿರುಗದಿದ್ದರೆ ಒಳಗಿನ ಪ್ರೆಷರ್ ಏರ್ತಾ ಹೋಗಿ ಸುಮಾರು 400 ಪಿಎಸ್‌ಐ ದಾಟಿದ ಮೇಲೆ ಸ್ವಿಚ್ ಕ್ಲಚ್ಚನ್ನ ಕಟ್ ಮಾಡುತ್ತೆ. ಹೆಚ್ಚಿನ ಗಾಡಿಗಳಲ್ಲಿ ಎಸಿ ಹಾಕಿದ ತುಸು ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಅದರ ಫ್ಯೂಸು, ರಿಲೇ, ಪ್ಲಗ್ಗು ನೋಡಿ. ಫ್ಯೂಸ್ ಇದ್ದ ವೈರಿನಿಂದ ಫ್ಯಾನ್ ಮೋಟರಿಗೆ ನೇರ 12 ವೋಲ್ಟ್ ಕೊಟ್ಟಾಗಲೂ ತಿರುಗದಿದ್ದರೆ ಮೋಟರ್ ಹೋಗಿದೆ. ಇಂಥ ಗಾಡಿಗೆ ಗ್ಯಾಸ್ ಮೇಲೆ ಗ್ಯಾಸ್ ತುಂಬಿಸಿದರೆ ಪ್ರೆಷರ್ ಇನ್ನೂ ಏರಿ ರೋಗ ಜಾಸ್ತಿ ಆಗುತ್ತೆ. ದುಡ್ಡು ಕೊಟ್ಟು ಕೆಡಿಸ್ಕೊಂಡ ಹಾಗೆ.

ಎರೆ ಹೊಲದ ದೂಳು, ಹತ್ತಿಯ ಎಳೆ ಕಂಡೆನ್ಸರಿನ ಜಾಲರಿಗೆ ಮೆತ್ತಿಕೊಂಡಿದ್ದರೂ ಹೀಗೇ ಆಗುತ್ತೆ. ಎಂಜಿನ್ ತಣ್ಣಗಾದ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಷರ್ ಹತ್ತಿರದಿಂದ ಹಿಡಿದರೆ ಜಾಲರಿ ಮಡಚಿಕೊಳ್ಳುತ್ತೆ.

ಒಳಗಿನ ಬ್ಲೋವರ್ ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತೆ, ಒಂದು, ಎರಡು, ಮೂರರಲ್ಲಿ ಇಲ್ಲ ಅಂದ್ರೆ ರೆಸಿಸ್ಟರ್ ಸುಟ್ಟಿದೆ, ಬೇರೆ ಏನೂ ಅಲ್ಲ. ಬಹಳ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಸಿಗುತ್ತೆ, ಎರಡು ಸ್ಕ್ರೂ ಅಷ್ಟೇ. ಬದಲಿಸೋವಾಗ ಅದರ ಪ್ಲಗ್ ಕರಗಿದೆಯಾ ನೋಡಿ, ಕರಗಿದ್ದರೆ ಅದನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ರೆಸಿಸ್ಟರೂ ಹೋಗುತ್ತೆ. ಅರ್ಧ ತಾಸು ಚಳಿ ಚಳಿ, ಆಮೇಲೆ ಗಾಳಿಯೇ ಬರೋದಿಲ್ಲ, ಎಸಿ ಬಂದ್ ಮಾಡಿದ ಮೇಲೆ ಕೆಳಗೆ ಬುಳುಬುಳು ನೀರು ಸುರಿಯುತ್ತೆ ಅಂದ್ರೆ ಒಳಗಿನ ಕಾಯಿಲ್ ಮಂಜುಗಡ್ಡೆ ಕಟ್ಟಿದೆ. ಥರ್ಮಿಸ್ಟರ್ ಕೆಟ್ಟಿರಬಹುದು, ಜಾಗ ತಪ್ಪಿರಬಹುದು, ಕ್ಯಾಬಿನ್ ಫಿಲ್ಟರ್ ದೂಳಿನಿಂದ ಕಟ್ಟಿರಬಹುದು.

ಇಲಿ, ಟೇಪು, ಆಂಪ್ಲಿಫೈಯರ್

ಕಾಳಿನ ಚೀಲ ಇಟ್ಟ ಗೋಡೌನ್ ಮುಂದೆ, ದನದ ಕೊಟ್ಟಿಗೆ ಪಕ್ಕ ರಾತ್ರಿ ಗಾಡಿ ನಿಲ್ಲಿಸೋ ಅಂಗಡಿಯವರಿಗೆ ಇಲಿ ಕಾಟ ಹೇಳಬೇಕಾಗಿಲ್ಲ. ಎಂಜಿನ್ ಬೆಚ್ಚಗಿರುತ್ತೆ, ಇಲಿ ಬಂದು ಕೂರುತ್ತೆ, ವೈರು ಕಡಿಯುತ್ತೆ. ಎಸಿ ಇದ್ದಕ್ಕಿದ್ದ ಹಾಗೆ ಒಂದು ಬೆಳಿಗ್ಗೆಯಿಂದ ಬಂದ್ ಆದರೆ ಪ್ರೆಷರ್ ಸ್ವಿಚ್ಚಿನ, ಕ್ಲಚ್ಚಿನ ವೈರುಗಳನ್ನ ಬೆರಳಿನಿಂದ ಸವರಿಕೊಂಡು ಹೋಗಿ ನೋಡಿ. ಕತ್ತರಿಸಿದ ವೈರನ್ನ ತಿರುಚಿ ಟೇಪ್ ಸುತ್ತೋದು ಮನೆಯ ವೈರಿಂಗಿಗೆ ಹೇಗೋ ನಡೆಯುತ್ತೆ, ಬಾನೆಟ್ ಒಳಗೆ ನಡೆಯಲ್ಲ. ಅಲ್ಲಿನ ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ, ಅಲುಗಾಟಕ್ಕೆ ತಿರುಚಿದ ಜಾಗ ಸಡಿಲ ಆಗುತ್ತೆ. ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗೋ ಕೊಳವೆ ಏರಿಸಿದರೆ ವರ್ಷಗಟ್ಟಲೆ ಇರುತ್ತೆ. ರೇಡಿಯೊ ರಿಪೇರಿ ಮಾಡೋರ ಹತ್ತಿರ ಎರಡೂ ಇರ್ತವೆ.

ಹಿಂದಿನ ಮಾಲೀಕರು ಹಾಕಿಸಿದ ಮ್ಯೂಸಿಕ್ ಆಂಪ್ಲಿಫೈಯರ್, ಜೋರು ಹಾರ್ನ್, ಹೆಚ್ಚುವರಿ ಲೈಟ್ ಇವಕ್ಕೆ ಎಲ್ಲಿಂದ ಕರೆಂಟ್ ಎಳೆದಿದ್ದಾರೆ ಅಂತಲೂ ನೋಡಿಸಿ. ಎಸಿಯ ವೈರಿಗೇ ಗಾಯ ಮಾಡಿ ಎಳೆದಿರೋದು ಸಾಮಾನ್ಯ. ರಾತ್ರಿ ಹೆಡ್‌ಲೈಟ್, ಬ್ಲೋವರ್, ಫ್ಯಾನ್, ಎಸಿ ಎಲ್ಲಾ ಸೇರಿದಾಗ ಮಾತ್ರ ಕ್ಲಚ್ ಬಿಡ್ತಿದ್ದರೆ ಡೈನಮೊ ಸಾಲ್ತಿಲ್ಲ ಇಲ್ಲವೇ ಅದರ ಬೆಲ್ಟು ಸಡಿಲ ಅಂತ ಅರ್ಥ.

ಗ್ಯಾಸ್ ನಿಜವಾಗಿ ಖಾಲಿ ಆಗಿದ್ದರೆ

ಗ್ಯಾಸ್ ಅನ್ನೋದು ಪೆಟ್ರೋಲ್ ತರಹ ಖರ್ಚಾಗೋ ವಸ್ತು ಅಲ್ಲ. ಮನೆಯ ಫ್ರಿಜ್ಜಿಗೆ ವರ್ಷ ವರ್ಷ ಯಾರೂ ಗ್ಯಾಸ್ ತುಂಬಿಸೋದಿಲ್ಲ. ಕಾರಿನಲ್ಲಿ ರಬ್ಬರ್ ಪೈಪು, ರಿಂಗು ಇರೋದರಿಂದ ವರ್ಷಗಳಲ್ಲಿ ಒಂಚೂರು ಕಡಿಮೆ ಆಗಬಹುದು. ಒಂದು ಬೇಸಿಗೆಯಿಂದ ಇನ್ನೊಂದಕ್ಕೆ ಪೂರ್ತಿ ಹೋಗಿದೆ ಅಂದ್ರೆ ಎಲ್ಲೋ ತೂತಿದೆ. ಸೋರಿಕೆ ಮುಚ್ಚದೆ ತುಂಬಿಸಿದ ಗ್ಯಾಸ್ ಅದೇ ತೂತಿನಿಂದ ಹೋಗುತ್ತೆ. ಪೈಪಿನ ಜೋಡಣೆ ಹತ್ತಿರ ಎಣ್ಣೆ ಮೆತ್ತಿ ದೂಳು ಹಿಡಿದಿದ್ದರೆ ಸೋರಿಕೆ ಅಲ್ಲೇ ಇರೋ ಸಾಧ್ಯತೆ ಹೆಚ್ಚು.

ಗ್ಯಾಸ್ ಇದೆಯೋ ಇಲ್ಲವೋ ಅನ್ನೋದನ್ನ ಗೇಜ್ ಹಚ್ಚಿ ಎರಡು ನಿಮಿಷದಲ್ಲಿ ಹೇಳಬಹುದು. ಎಂಜಿನ್ ಬಂದ್ ಇದ್ದು ಗಾಡಿ ನೆರಳಿನಲ್ಲಿ ತಣ್ಣಗಾಗಿರಬೇಕು. ಆರ್-134ಎ ಗ್ಯಾಸಿನ ಗಾಡಿಯಲ್ಲಿ ಗಾಳಿಯ ಬಿಸಿ 35 ಡಿಗ್ರಿ ಇದ್ದರೆ ಎರಡೂ ಗೇಜು 115 ಪಿಎಸ್‌ಐ ಆಸುಪಾಸು ತೋರಿಸಬೇಕು, 40 ಡಿಗ್ರಿ ಇದ್ದರೆ 130ರ ಮೇಲೆ. 30ರ ಕೆಳಗೆ ಇದ್ದರೆ ಗ್ಯಾಸ್ ಹೋಗಿರೋದು ಖಚಿತ, ಪ್ರೆಷರ್ ಸ್ವಿಚ್ ತಡೆದದ್ದು ಸರಿಯೇ. 115 ತೋರಿಸಿತು ಅಂದ ಮಾತ್ರಕ್ಕೆ ಗ್ಯಾಸ್ ಅಳತೆಗೆ ಸರಿಯಾಗಿದೆ ಅಂತ ಹೇಳೋಕಾಗಲ್ಲ, ಅರ್ಧ ಇದ್ದರೂ ಅಷ್ಟೇ ತೋರಿಸುತ್ತೆ. ಆದ್ರೆ ಕ್ಲಚ್ ಹಿಡಿಯದಿರೋದಕ್ಕೆ ಗ್ಯಾಸ್ ಕಾರಣ ಅಲ್ಲ ಅನ್ನೋದು ಖಚಿತವಾಗುತ್ತೆ. ಅಡುಗೆ ಸಿಲಿಂಡರಿನಂತೆಯೇ, ಎಷ್ಟು ಉಳಿದಿದೆ ಅಂತ ತೂಕದಿಂದಲೇ ಗೊತ್ತಾಗೋದು.

ಗೇಜ್ ಸರಿ ತೋರಿಸಿದ ಮೇಲೂ ಕ್ಲಚ್ ಹಿಡಿಯದಿದ್ದರೆ ಕೆಲವು ಮೆಕ್ಯಾನಿಕ್‌ಗಳು ಎರಡು ಕಾಲಿನ ಪ್ರೆಷರ್ ಸ್ವಿಚ್ಚಿನ ಪ್ಲಗ್ ಬಿಚ್ಚಿ ಒಂದು ತುಂಡು ವೈರಿನಿಂದ ಜೋಡಿಸಿ ನೋಡ್ತಾರೆ. ಪರೀಕ್ಷೆಗೆ ಒಂದೆರಡು ಸೆಕೆಂಡ್ ಸರಿ. ಹಾಗೇ ಬಿಟ್ಟು ಕಳಿಸಿದರೆ ಮಾತ್ರ ಡ್ರೈ ರನ್ ಪ್ರಿವೆಂಟರ್ ಕಿತ್ತು ಮೋಟರ್ ಓಡಿಸಿದ ಹಾಗೆ. ಗ್ಯಾಸ್ ಹೋದಾಗ ಕಂಪ್ರೆಸರಿಗೆ ಎಣ್ಣೆಯೂ ಸಿಗೋದಿಲ್ಲ, ಒಳಗೇ ಉಜ್ಜಿಕೊಂಡು ಹಾಳಾಗುತ್ತೆ. ಮೂರು ಕಾಲಿನ ಸೆನ್ಸರ್ ಇದ್ದರೆ ಈ ಪ್ರಯೋಗವನ್ನೇ ಮಾಡಬಾರದು. ನಿಮ್ಮ ಗಾಡಿಯಲ್ಲಿ ಹಾಗೆ ಜೋಡಿಸಿದ ತುಂಡು ವೈರು ಈಗಾಗಲೇ ಇದೆಯಾ ಅಂತ ಬಾನೆಟ್ ಎತ್ತಿ ಒಮ್ಮೆ ನೋಡಿ.

ಈ ಗೊಂದಲಕ್ಕೆ ಮೆಕ್ಯಾನಿಕ್‌ಗಳನ್ನಷ್ಟೇ ಬೈದು ಉಪಯೋಗ ಇಲ್ಲ. ಗ್ಯಾಸ್ ತುಂಬೋರು ಒಬ್ಬರು, ಗಾಡಿ ವೈರಿಂಗ್ ಮಾಡೋರು ಇನ್ನೊಬ್ಬರು. ಗ್ಯಾಸಿನವರಿಗೆ ವೈರಿಂಗ್ ಬೇಡ, ವೈರಿಂಗಿನವರು "ಎಸಿ ನಮ್ದಲ್ರಿ" ಅಂತಾರೆ. ರಿಲೇ ಹುಡುಕೋಕೆ ಒಂದು ತಾಸು ಕೂತರೆ ಗಿರಾಕಿ ಕೂಲಿ ಕೊಡೋಕೆ ಹಿಂದೆ ಮುಂದೆ ನೋಡ್ತಾನೆ, "ಬರೇ ಫ್ಯೂಸಿಗೆ ಇಷ್ಟಾ?" ಅಂತಾನೆ. ಗ್ಯಾಸಿಗೆ ಮಾತ್ರ ಚೌಕಾಸಿ ಮಾಡದೆ ಕೊಡ್ತಾನೆ. ಹೀಗಿದ್ದಾಗ ಯಾರು ವೈರು ಹುಡುಕ್ತಾರೆ? ಪತ್ತೆ ಹಚ್ಚೋ ಕೆಲಸಕ್ಕೆ ಇಷ್ಟು ಅಂತ ಮೊದಲೇ ಮಾತಾಡಿಕೊಳ್ಳೋದು ಇಬ್ಬರಿಗೂ ಒಳ್ಳೇದು.

ಗ್ಯಾಸ್ ಹಾಕಿಸಲೇಬೇಕು ಅಂತ ಆದರೆ ಮೂರು ವಿಷಯ ಕೇಳಿ. ಸೋರಿಕೆ ಎಲ್ಲಿತ್ತು? ವ್ಯಾಕ್ಯೂಮ್ ಪಂಪ್ ಎಷ್ಟು ಹೊತ್ತು ಓಡಿಸಿದಿರಿ? ಅರ್ಧ ತಾಸಿಗಿಂತ ಕಡಿಮೆ ಅಂದ್ರೆ ಒಳಗೆ ಹವೆ, ತೇವ ಉಳಿದಿರುತ್ತೆ. ಎಷ್ಟು ಗ್ರಾಂ ಹಾಕಿದಿರಿ? ಎಷ್ಟು ಹಾಕಬೇಕು ಅನ್ನೋದು ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಇಲ್ಲವೇ ಗಾಡಿಯ ಪುಸ್ತಕದಲ್ಲಿ ಇರುತ್ತೆ. ತೊಂಬತ್ತರ ದಶಕದ ಮೊದಲಿನ ಗಾಡಿಗಳಿಗೆ ಬೇರೆ ಗ್ಯಾಸ್ ಇತ್ತು, ಆರ್-12. ಓಜೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಹಂತ ಹಂತವಾಗಿ ನಿಂತಿತು. ಅಷ್ಟು ಹಳೇ ಗಾಡಿ ಇದ್ದರೆ ಯಾವ ಗ್ಯಾಸಿಗೆ ಬದಲಿಸಿದ್ದಾರೆ ಅಂತ ತಿಳಿದೇ ಹಾಕಿಸಿ. ಅಗ್ಗಕ್ಕೆ ಸಿಗುತ್ತೆ ಅಂತ ಅಡುಗೆ ಗ್ಯಾಸಿನ ಜಾತಿಯ ಮಿಶ್ರಣ ತುಂಬಿಸ್ಕೊಂಡರೆ ಅದು ಬೆಂಕಿ ಹಿಡಿಯೋ ಗ್ಯಾಸ್, ಕೂರೋ ಜಾಗದ ಮುಂದೆಯೇ ಅದರ ಪೈಪು ಇರುತ್ತೆ.

ಇಷ್ಟೆಲ್ಲ ಪರೀಕ್ಷೆಯನ್ನ ಏಪ್ರಿಲ್‌ನಲ್ಲಿ ಎಸಿ ಅಂಗಡಿ ಮುಂದೆ ಸಾಲು ನಿಂತಾಗ ಮಾಡಿಸೋ ಬದಲು ಶಿವರಾತ್ರಿ ಹೊತ್ತಿಗೇ ಮಾಡಿಸಿದರೆ ಮೆಕ್ಯಾನಿಕ್‌ಗಳಿಗೂ ಕೂತು ನೋಡೋಕೆ ಪುರುಸೊತ್ತಿರುತ್ತೆ. ಮಳೆಗಾಲ, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ ಓಡಿಸಿ, ಕಂಪ್ರೆಸರಿನ ಎಣ್ಣೆ ಪೈಪಿನಲ್ಲೆಲ್ಲ ಹರಿದಾಡಿ ರಬ್ಬರ್ ಸೀಲು ಒಣಗದೆ ಉಳಿಯುತ್ತೆ.